ಹಳಿ ಕಾಣದ ಊರಿನ ಗಾಡಿಗಳು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾಲ್ಕೂ ತಾಲ್ಲೂಕು ಕೇಂದ್ರಗಳು, ನಾಲ್ಕರಲ್ಲಿ ಒಂದಕ್ಕೂ ರೈಲ್ವೆ ಸ್ಟೇಷನ್ ಇಲ್ಲ. ರೈಲು ಅಂದರೆ ಊಟ ಬಿಟ್ಟು ಓಡುವ ನನ್ನಂಥವನು ಹುಟ್ಟಿ ಬೆಳೆದದ್ದು ಇಂಥ ನೆಲದಲ್ಲಿ. ನಮ್ಮ ನ್ಯಾಮತಿಯಿಂದ ರೈಲು ನೋಡಬೇಕೆಂದರೆ ಒಂದೋ ಶಿವಮೊಗ್ಗಕ್ಕೆ ಹೋಗಬೇಕು, ಇಲ್ಲ ಹರಿಹರಕ್ಕೆ. ಎರಡಕ್ಕೂ ಬಸ್ಸೇ ಹತ್ತಬೇಕು. ಹಾಗಾಗಿ ರೈಲಿನ ಹುಚ್ಚಿಗಿಂತ ಮೊದಲು ನನಗೆ ಹಿಡಿದದ್ದು ಬಸ್ಸಿನ ಹುಚ್ಚು. ಆಮೇಲೆ ಎರಡೂ ಸೇರಿಕೊಂಡವು. ಸೇರಿಕೊಂಡು ಎಲ್ಲಿಗೆ ಕರೆದುಕೊಂಡು ಹೋದವು ಅಂದರೆ ಸಮುದ್ರದಾಚೆಯ ಐರ್ಲೆಂಡಿನವರೆಗೆ. ಅಲ್ಲಿನ ರೈಲು, ಬಸ್ಸು, ಅವುಗಳ ಪುಟ್ಟ ಮಾದರಿಗಳ ಬಗ್ಗೆ ಓದುತ್ತಾ ಓದುತ್ತಾ ನಮ್ಮ ಹೊನ್ನಾಳಿ ರಸ್ತೆಯ ಬಸ್ಸುಗಳ ಕಥೆ ನನಗೆ ಇನ್ನಷ್ಟು ಚೆನ್ನಾಗಿ ಕಾಣತೊಡಗಿತು. ಇವತ್ತು ಅದನ್ನೇ ಹೇಳುತ್ತೇನೆ.

ಮೊದಲು, ರೈಲು ನಮ್ಮನ್ನು ಬಿಟ್ಟು ಹೋದದ್ದು ಹೇಗೆ ಅನ್ನುವುದನ್ನು ಬೇಗ ಮುಗಿಸಿಬಿಡುತ್ತೇನೆ. ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜ್ ಹಳಿ 1884ರಲ್ಲಿ ಬಂತು. ಅದೇ ಹಳಿ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕೈಯಲ್ಲಿ ಬೀರೂರು, ಚಿಕ್ಕಜಾಜೂರು, ದಾವಣಗೆರೆ ದಾಟಿ 1889ರ ಹೊತ್ತಿಗೆ ಹರಿಹರ ಮುಟ್ಟಿತು. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲೇ ರಸ್ತೆಯ ಕಲ್ಲು ಸೇತುವೆ ಆಗಿತ್ತು, ಊರು ಅಷ್ಟು ಮುಖ್ಯವಾಗಿತ್ತು. 1899ರಲ್ಲಿ ಬೀರೂರಿನಿಂದ ಒಂದು ಕವಲು ಶಿವಮೊಗ್ಗಕ್ಕೆ ಹೋಯಿತು, ಅದು 1940ರ ಹೊತ್ತಿಗೆ ಸಾಗರ ದಾಟಿ ತಾಳಗುಪ್ಪ ಸೇರಿತು. 1921ರಲ್ಲಿ ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಇನ್ನೊಂದು ಕವಲು. ಈಗ ನಕ್ಷೆ ಮುಂದಿಟ್ಟುಕೊಂಡು ನೋಡಿ. ಬೀರೂರು–ಹರಿಹರ ಒಂದು ಗೆರೆ, ಬೀರೂರು–ಶಿವಮೊಗ್ಗ ಇನ್ನೊಂದು ಗೆರೆ. ಇವೆರಡರ ನಡುವೆ ಚನ್ನಗಿರಿ ಸಿಕ್ಕಿಹಾಕಿಕೊಂಡಿದೆ. ಹೊನ್ನಾಳಿ, ನ್ಯಾಮತಿ ನದಿಯ ಆಚೆ ದಡದಲ್ಲಿ ಉಳಿದವು. ಜಗಳೂರು ದಾವಣಗೆರೆಯ ಗೆರೆಗೂ ಚಿತ್ರದುರ್ಗದ ಗೆರೆಗೂ ಹೊರಗೆ, ಬಯಲಿನಲ್ಲಿ. ಶಿವಮೊಗ್ಗದಿಂದ ಹೊನ್ನಾಳಿ ಮೇಲೆ ಹರಿಹರಕ್ಕೆ ಒಂದು ಹಳಿ ಹಾಕುವ ಮಾತು ಹಲವು ಸಲ ಬಂತು, ಸರ್ವೆ ಆಯಿತು, ಹಳಿ ಮಾತ್ರ ಬೀಳಲಿಲ್ಲ. ಜಗಳೂರಿನವರೇ ಆದ ಮಹಮದ್ ಇಮಾಂ ಅವರು 1957ರಲ್ಲೂ 1967ರಲ್ಲೂ ಚಿತ್ರದುರ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಲೋಕಸಭೆಗೆ ಸದಸ್ಯರನ್ನು ಕಳಿಸಿದ ಊರಿಗೆ ರೈಲು ಬರಲಿಲ್ಲ. ನಮ್ಮ ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದನ್ನು ಮಾಡಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕು ಕಾರಿಗನೂರಿನವರು. ಅವರ ತಾಲ್ಲೂಕಿಗೂ ರೈಲಿಲ್ಲ.

ಹೀಗೆ ರೈಲು ಮಾಡಬೇಕಾದ ಕೆಲಸವನ್ನೆಲ್ಲ ಬಸ್ಸು ಮಾಡಿತು. ಟಪಾಲು ತಂದದ್ದು ಬಸ್ಸು, ಮದುವೆ ದಿಬ್ಬಣ ಹೊತ್ತದ್ದು ಬಸ್ಸು, ಚನ್ನಗಿರಿಯ ಅಡಿಕೆ ಮೂಟೆ, ಜಗಳೂರಿನ ಶೇಂಗಾ ಚೀಲ, ಹೊನ್ನಾಳಿಯ ಭತ್ತ ಎಲ್ಲವೂ ಬಸ್ಸಿನ ಟಾಪಿನ ಮೇಲೆ ಊರು ದಾಟಿದವು. ಕರಾವಳಿಯಲ್ಲಿ ಕೆನರಾ ಪಬ್ಲಿಕ್ ಕನ್‌ವೇಯನ್ಸ್ ಕಂಪನಿ, ಜನರ ಬಾಯಲ್ಲಿ ಸಿಪಿಸಿ, 1914ರಲ್ಲೇ ಮಂಗಳೂರಿನಲ್ಲಿ ಶುರುವಾಗಿತ್ತು. ಮಲೆನಾಡು, ಅರೆಮಲೆನಾಡಿಗೂ ಆಮೇಲಿನ ವರ್ಷಗಳಲ್ಲಿ ಮೋಟಾರು ಸರ್ವಿಸ್ಸುಗಳು ಹಬ್ಬಿದವು. ಆ ಕಾಲದ ಬಸ್ಸು ಅಂದರೆ ಮುಂದೆ ಮೂತಿ ಚಾಚಿದ ಫೋರ್ಡು, ಶೆವರ್ಲೆ, ಡಾಡ್ಜ್ ಲಾರಿಯ ಚಾಸಿ. ಅದರ ಮೇಲೆ ನಮ್ಮೂರ ಬಡಗಿ ಕಟ್ಟಿದ ಮರದ ಚೌಕಟ್ಟು, ಹೊರಗೆ ತಗಡು, ಕಿಟಕಿಗೆ ಗಾಜಿನ ಬದಲು ಸುತ್ತಿ ಮೇಲೆ ಕಟ್ಟುವ ಕ್ಯಾನ್ವಾಸು ಪರದೆ. ಎಂಜಿನ್ ಅಮೆರಿಕದ್ದು, ಮೈ ನಮ್ಮ ಕಾಡಿನ ಮರದ್ದು. ಈ ಕೂಡಿಕೆ ನನಗೆ ಯಾವತ್ತೂ ಬಹಳ ಇಷ್ಟ.

ಈಗ ನಾನು ಒಬ್ಬರ ವಿಷಯ ಹೇಳಬೇಕು. ನಮ್ಮ ತಂದೆಯವರ ಸೋದರಮಾವ. ಮನೆಯಲ್ಲಿ ಎಲ್ಲರೂ ಅವರನ್ನು ದೊಡ್ಡಮಾವ ಅಂತಲೇ ಕರೆಯುತ್ತಿದ್ದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಶಿವಮೊಗ್ಗ ಕಡೆಯ ಒಂದು ಬಸ್ಸಿನಲ್ಲಿ ಕ್ಲೀನರ್. ಆಗಿನ ಕ್ಲೀನರ್ ಕೆಲಸ ಈಗಿನ ಹಾಗಲ್ಲ. ಯುದ್ಧಕ್ಕೆ ಪೆಟ್ರೋಲೆಲ್ಲ ಹೋಗುತ್ತಿತ್ತು. 1942ರಲ್ಲಿ ಬರ್ಮಾ ಜಪಾನಿಯರ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಎಣ್ಣೆಯೂ ನಿಂತಿತು. ಪೆಟ್ರೋಲಿಗೆ ರೇಷನ್. ಬಸ್ಸು ಓಡಬೇಕಾದರೆ ಬೇರೆ ದಾರಿ ಬೇಕು. ಆ ದಾರಿ ಇದ್ದಿಲು.

ಇದ್ದಿಲಿನಿಂದ ಬಸ್ಸು ಓಡುತ್ತಿತ್ತು ಅಂದರೆ ಈಗಿನ ಹುಡುಗರು, ರೈಲಿನ ಎಂಜಿನ್ನಿನ ಹಾಗೆ ನೀರು ಕಾಯಿಸಿ ಹಬೆ ಮಾಡುತ್ತಿದ್ದರು ಅಂದುಕೊಳ್ಳುತ್ತಾರೆ. ಹಾಗಲ್ಲ. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಒಂದು ಉಕ್ಕಿನ ಡ್ರಮ್ಮು ಕೂರಿಸುತ್ತಿದ್ದರು. ಅದಕ್ಕೆ ಜನ ಗ್ಯಾಸ್ ಪ್ಲಾಂಟ್ ಅನ್ನುತ್ತಿದ್ದರು. ಡ್ರಮ್ಮಿನ ತುಂಬ ಇದ್ದಿಲು, ತಳದಲ್ಲಿ ಕೆಂಡ. ಕೆಂಡದ ಮೇಲೆ ಹಾಯುವ ಗಾಳಿಗೆ ಪೂರ್ತಿ ಉರಿಯುವಷ್ಟು ಅವಕಾಶ ಕೊಡದೆ ಎಳೆದರೆ, ಅದು ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಗೆ ಬರುತ್ತದೆ. ಆ ಅನಿಲ ಹೊತ್ತಿಕೊಳ್ಳುತ್ತದೆ. ಅದರ ಬೂದಿ, ಮಸಿ ಸೋಸಿ, ಪೈಪಿನಲ್ಲಿ ತಣಿಸಿ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲಿನ ಕೆಲಸ ಮಾಡುತ್ತದೆ. ಆದರೆ ಬಲ ಕಡಿಮೆ. ಪೆಟ್ರೋಲಿನಲ್ಲಿ ಓಡುವಾಗ ಇರುವ ಕಸುವು ಗ್ಯಾಸಿನಲ್ಲಿ ಇಲ್ಲ.

ದೊಡ್ಡಮಾವ ಕೋಳಿ ಕೂಗುವ ಮೊದಲೇ ಏಳಬೇಕಿತ್ತು. ನಿನ್ನೆಯ ಬೂದಿ ಕೆರೆದು ತೆಗೆಯಬೇಕು. ಇದ್ದಿಲನ್ನು ಜರಡಿ ಹಿಡಿದು ಪುಡಿ ಬೇರೆ ಮಾಡಬೇಕು, ಪುಡಿ ಬಿದ್ದರೆ ಗಾಳಿ ಕಟ್ಟುತ್ತದೆ. ಒದ್ದೆ ಇದ್ದಿಲು ಸೇರಬಾರದು. ತುಂಬಿಸಿ ಮುಚ್ಚಳ ಬಿಗಿದು, ಎಣ್ಣೆ ಬಟ್ಟೆಯ ಉರಿ ತೋರಿಸಿ, ಪಕ್ಕದಲ್ಲಿದ್ದ ಬ್ಲೋವರಿನ ಹಿಡಿಕೆ ತಿರುಗಿಸಬೇಕು. ತಿರುಗಿಸುತ್ತಲೇ ಇರಬೇಕು, ತೋಳು ಬಿದ್ದುಹೋಗುವ ತನಕ. ಗ್ಯಾಸು ಸರಿಯಾಗಿ ಬಂತೋ ಇಲ್ಲವೋ ನೋಡಲು ಒಂದು ಸಣ್ಣ ನಲ್ಲಿ ಇರುತ್ತಿತ್ತು. ಅದನ್ನು ತೆರೆದು ಕಡ್ಡಿ ಗೀರಿ ಹಿಡಿಯುತ್ತಿದ್ದರಂತೆ. ಮೊದಲು ಬರುವ ಉರಿ ಹಳದಿ, ಬಿಟ್ಟು ಬಿಟ್ಟು ಉರಿಯುತ್ತದೆ. ಅದು ನಿಂತು ನೀಲಿಯಾಗಿ ಉರಿಯತೊಡಗಿದಾಗ ದೊಡ್ಡಮಾವ ಒಂದು ಕೂಗು ಹಾಕುತ್ತಿದ್ದರು. ಡ್ರೈವರ್ ಒಂದಿಷ್ಟು ಪೆಟ್ರೋಲಿನಲ್ಲಿ ಎಂಜಿನ್ ಹಚ್ಚಿ, ಆಮೇಲೆ ಗ್ಯಾಸಿಗೆ ತಿರುಗಿಸುತ್ತಿದ್ದ. ಪ್ರಯಾಣಿಕರು ಆ ಹೊತ್ತಿಗಾಗಲೇ ಬಂದು ಕೂತು ತಿಂಡಿಯ ಗಂಟು ಬಿಚ್ಚಿರುತ್ತಿದ್ದರು.

ಏರು ಬಂತೆಂದರೆ ಬಸ್ಸು ಏದುಸಿರು ಬಿಡುತ್ತಿತ್ತು. ಗಂಡಸರೆಲ್ಲ ಇಳಿಯಬೇಕು, ಹೆಂಗಸರು, ಮಕ್ಕಳು, ಮುದುಕರು ಕೂತಿರಬಹುದು. ಇಳಿದವರು ಪಕ್ಕದಲ್ಲಿ ನಡೆದು ಬರುತ್ತಾ, ಬೇಕಾದರೆ ತಳ್ಳುತ್ತಾ, ದಿಬ್ಬ ಹತ್ತಿದ ಮೇಲೆ ಮತ್ತೆ ಹತ್ತಿಕೊಳ್ಳಬೇಕು. ದಾರಿಯಲ್ಲಿ ಇದ್ದಿಲು ಕುಗ್ಗಿದರೆ ದೊಡ್ಡಮಾವ ಉದ್ದನೆಯ ಕಬ್ಬಿಣದ ಸಲಾಕೆ ತೆಗೆದುಕೊಂಡು ಡ್ರಮ್ಮಿನ ಬಾಯಿ ತೆಗೆದು ಕುಕ್ಕುತ್ತಿದ್ದರು. ಬಾಯಿ ತೆಗೆದ ಕೂಡಲೇ ಮುಖ ಹಿಂದಕ್ಕೆ ಎಳೆದುಕೊಳ್ಳಬೇಕು. ಭಗ್ಗನೆ ಉರಿ ಎದ್ದರೆ ಹುಬ್ಬು ಹೋಯಿತು. ದೊಡ್ಡಮಾವನ ಎಡಗಡೆಯ ಹುಬ್ಬು ಮುದಿತನದಲ್ಲೂ ಸರಿಯಾಗಿ ಬೆಳೆದಿರಲಿಲ್ಲ. ಆ ಅನಿಲ ವಿಷ ಬೇರೆ, ವಾಸನೆಯೂ ಇಲ್ಲದ ವಿಷ. ಮುಚ್ಚಿದ ಶೆಡ್ಡಿನೊಳಗೆ ಹಚ್ಚಬಾರದು ಅನ್ನುವುದನ್ನು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ತಲೆ ಸುತ್ತಿ ಬಿದ್ದವರನ್ನು ಹೊರಗೆ ಎಳೆದು ಹಾಕಿದ ಅನುಭವದಿಂದಲೇ ಅವರು ಕಲಿತದ್ದು. ಹಿಂದಿನ ಸೀಟಿನಲ್ಲಿ ಕೂತವರ ಬಿಳಿ ಪಂಚೆ ಹೊನ್ನಾಳಿ ಬರುವಷ್ಟರಲ್ಲಿ ಬೂದು ಬಣ್ಣ. ಆದರೂ ಬಸ್ಸು ತುಂಬಿರುತ್ತಿತ್ತು. ಎತ್ತಿನ ಗಾಡಿಯಲ್ಲಿ ರಾತ್ರಿಯೆಲ್ಲ ಹೋಗುವ ದಾರಿಯನ್ನು ಬೆಳಗಿನ ಹೊತ್ತಿನಲ್ಲೇ ಮುಗಿಸುವ ಗಾಡಿ ಅದು, ಬೂದಿಯನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ!

ಇದ್ದಿಲಿಗೆ ಈ ಸೀಮೆಯಲ್ಲಿ ಬರಗಾಲ ಇರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹಚ್ಚಿದಾಗ ಉರಿಸಿದ್ದೇ ಇದ್ದಿಲು. ಕಲ್ಲಿದ್ದಲಲ್ಲ, ನಮ್ಮ ಕಾಡಿನ ಮರದ ಇದ್ದಿಲು. ಆ ಕಾಡು ಎಷ್ಟು ಹೋಯಿತು ಅನ್ನುವುದನ್ನು ನೆನೆದರೆ ಸಂಕಟವಾಗುತ್ತದೆ. ಕಬ್ಬಿಣಕ್ಕೂ ಅದೇ ಕಾಡು, ಬಸ್ಸಿಗೂ ಅದೇ ಕಾಡು.

ಈಗ ಐರ್ಲೆಂಡಿಗೆ ಬನ್ನಿ. ಅದೇ ಯುದ್ಧ, ಅದೇ ವರ್ಷಗಳು. ಐರ್ಲೆಂಡು ಯುದ್ಧಕ್ಕೆ ಸೇರಲಿಲ್ಲ, ಆದರೆ ಅದಕ್ಕೆ ಬೇಕಾದ ಕಲ್ಲಿದ್ದಲು ಬರುತ್ತಿದ್ದದ್ದು ಬ್ರಿಟನ್ನಿನಿಂದ. ಅದು ನಿಲ್ಲುತ್ತಾ ಬಂತು. ಅಲ್ಲಿನವರು ಜೌಗು ನೆಲದಿಂದ ಕಡಿದು ಒಣಗಿಸುವ ಪೀಟ್ ಅನ್ನುವ ಮಣ್ಣಿನಂಥ ಉರುವಲನ್ನು ರೈಲಿನ ಎಂಜಿನ್ನಿಗೆ ತುಂಬಿದರು. ಹಬೆ ಏಳದೆ ರೈಲುಗಳು ನಡುದಾರಿಯಲ್ಲಿ ನಿಂತು, ಬೆಂಕಿ ಕೆರೆದು, ಮತ್ತೆ ಹೊರಟು, ಕೆಲವು ಗಂಟೆಗಳ ಪ್ರಯಾಣಕ್ಕೆ ಹಗಲು ರಾತ್ರಿ ಎರಡೂ ಹಿಡಿದವು. ಇದನ್ನು ಮೊದಲ ಸಲ ಓದಿದಾಗ ನನಗೆ ದೊಡ್ಡಮಾವನ ಸಲಾಕೆಯೇ ಕಣ್ಣಿಗೆ ಬಂತು. ಭೂಮಿಯ ಆ ತುದಿಯಲ್ಲಿ ಇನ್ನೊಬ್ಬ, ನಡುರಾತ್ರಿ, ಮಳೆಯಲ್ಲಿ, ಇದೇ ಕೆಲಸ ಮಾಡುತ್ತಿದ್ದ.

ಬಸ್ಸಿನ ಟಾಪಿನ ಮೇಲೆ ಭಾರ ಸರಿತೂಗಿಸುವುದು ಕ್ಲೀನರಿನ ಇನ್ನೊಂದು ವಿದ್ಯೆ. ಅಡಿಕೆ ಮೂಟೆಯೆಲ್ಲ ಒಂದೇ ಮಗ್ಗುಲಿಗೆ ಹೇರಿದರೆ ತಿರುವಿನಲ್ಲಿ ಬಸ್ಸು ವಾಲುತ್ತದೆ. ಈ ವಿದ್ಯೆ ಪರಾಕಾಷ್ಠೆಗೆ ಹೋದದ್ದು ಐರ್ಲೆಂಡಿನ ಲಿಸ್ಟೋವೆಲ್–ಬ್ಯಾಲಿಬನ್ಯನ್ ರೈಲಿನಲ್ಲಿ. ಅದಕ್ಕೆ ಇದ್ದದ್ದು ಒಂದೇ ಹಳಿ, ಅದೂ ಸೊಂಟದೆತ್ತರದ ಕಬ್ಬಿಣದ ಕಾಲುಗಳ ಮೇಲೆ. ಗಾಡಿ ಆ ಹಳಿಯ ಎರಡೂ ಕಡೆಗೆ ಹೇರಿನ ಹಾಗೆ ಇಳಿಬಿದ್ದಿರುತ್ತಿತ್ತು. 1888ರಿಂದ 1924ರವರೆಗೆ ಓಡಿತು. ಒಂದು ಹಸು ಕಳಿಸಬೇಕಾದರೆ ಆ ಕಡೆ ಎರಡು ಕರು ಕಟ್ಟುತ್ತಿದ್ದರಂತೆ. ಹಸು ಇಳಿದ ಮೇಲೆ ಕರುಗಳು ಹಿಂದಿರುಗುವಾಗ ಈ ಕಡೆ ಒಂದು, ಆ ಕಡೆ ಒಂದು! ನಮ್ಮ ದೇಶದಲ್ಲೂ ಪಟಿಯಾಲಾದಲ್ಲಿ ಒಂಟಿ ಹಳಿಯ ರೈಲು ಇತ್ತು. ಅದು ಒಂದು ಗಾಲಿಯನ್ನು ಹಳಿಯ ಮೇಲೂ ಇನ್ನೊಂದನ್ನು ರಸ್ತೆಯ ಮೇಲೂ ಇಟ್ಟು ಓಡುತ್ತಿತ್ತು. ಅದರ ಎಂಜಿನ್ ದೆಹಲಿಯ ರೈಲು ಮ್ಯೂಸಿಯಂನಲ್ಲಿದೆ.

ಯುದ್ಧ ಮುಗಿಯಿತು. ಆಮೇಲಿನದು ಸರ್ಕಾರಿ ಕಡತದ ಇತಿಹಾಸ, ಓಡಿಸಿಬಿಡುತ್ತೇನೆ. 1945ರಲ್ಲಿ ಐರ್ಲೆಂಡು ತನ್ನ ದೊಡ್ಡ ರೈಲು ಕಂಪನಿಯನ್ನೂ ಡಬ್ಲಿನ್ನಿನ ಬಸ್ಸು, ಟ್ರಾಮ್ ಕಂಪನಿಯನ್ನೂ ಸೇರಿಸಿ ಒಂದು ಸಾರಿಗೆ ಸಂಸ್ಥೆ ಮಾಡಿತು. ನಮ್ಮ ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ತನ್ನ ರಸ್ತೆ ಸಾರಿಗೆ ಇಲಾಖೆ ಶುರು ಮಾಡಿತು. ಅದು 1961ರಲ್ಲಿ ನಿಗಮವಾಯಿತು, 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಕೆಎಸ್ಆರ್‌ಟಿಸಿ ಆಯಿತು. ಆದರೆ ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆ ಸೀಮೆಯ ಹಳ್ಳಿ ದಾರಿಗಳಲ್ಲಿ ಖಾಸಗಿ ಬಸ್ಸುಗಳದ್ದೇ ಕಾರುಬಾರು ಬಹಳ ಕಾಲ ಉಳಿಯಿತು, ಈಗಲೂ ಉಳಿದಿದೆ. ಸಂತೇಬೆನ್ನೂರಿನಲ್ಲಿ, ಬಿಳಿಚೋಡಿನಲ್ಲಿ ನಿಂತವರು ಇಷ್ಟು ಗಂಟೆಯ ಬಸ್ಸು ಅನ್ನುವುದಿಲ್ಲ, ಮಾಲೀಕನ ಹೆಸರು ಹಿಡಿದೇ ಬಸ್ಸನ್ನು ಕರೆಯುತ್ತಾರೆ. ಡ್ರೈವರಿಗೆ ಯಾವ ಮನೆಯ ಅಜ್ಜಿ ಯಾವ ತಿರುವಿನಲ್ಲಿ ನಿಲ್ಲುತ್ತಾರೆ ಅಂತ ಗೊತ್ತು. ಕಂಡಕ್ಟರ್ ಕೈಲಿ ದಾವಣಗೆರೆಯಿಂದ ಔಷಧಿ ತರಿಸಿಕೊಳ್ಳಬಹುದು. ನಾನು ಸರ್ಕಾರಿ ಬಸ್ಸನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ನಂಟಸ್ತನ ಅಂತ ಒಂದಿದೆಯಲ್ಲ, ಅದು ಈ ಬಸ್ಸುಗಳಲ್ಲಿತ್ತು.

ಇಲ್ಲಿ ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಯದೆ ಮುಂದೆ ಹೋಗಲಾರೆ. ಅದು ನಮ್ಮ ತಾಲ್ಲೂಕುಗಳದ್ದಲ್ಲ, ಪಕ್ಕದ ಮಲೆನಾಡಿನದು. ಕೊಪ್ಪದ ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ನಿಂತುಹೋದಾಗ ಅಲ್ಲಿನ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ 1991ರಲ್ಲಿ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಕೆಲಸಗಾರರೇ ಮಾಲೀಕರು. ಮಕ್ಕಳಿಗೆ ಪಾಸು, ಕಾಡಿನ ನಡುವಿನ ಮನೆಗಳಿಗೂ ಸರ್ವಿಸು, ಹೊತ್ತಿಗೆ ಸರಿಯಾಗಿ ಬರುವ ಗಾಡಿ. ಸುಮಾರು ಮೂರು ದಶಕ ಹೀಗೆ ನಡೆಸಿದರು. 2020ರ ಫೆಬ್ರವರಿಯಲ್ಲಿ ನಷ್ಟ ತಾಳಲಾರದೆ ಬಸ್ಸುಗಳು ನಿಂತವು. ಆ ಸುದ್ದಿ ಓದಿದ ದಿನ ನನಗೆ ಮನೆಯವರನ್ನು ಕಳೆದುಕೊಂಡಷ್ಟು ದುಃಖವಾಯಿತು. ಅದು ಮುಚ್ಚಬಾರದಿತ್ತು. ಉಳಿಸಿಕೊಳ್ಳುವ ದಾರಿ ನಮ್ಮ ರಾಜ್ಯಕ್ಕೆ ಕಾಣಬೇಕಿತ್ತು.

ರೈಲೂ ಅಲ್ಲದ ಬಸ್ಸೂ ಅಲ್ಲದ ಒಂದು ಗಾಡಿ ಇತ್ತು. ನನ್ನಂಥವನಿಗೆ ಅದು ದೇವರು ಕೊಟ್ಟದ್ದು. ಬೀರೂರು–ಶಿವಮೊಗ್ಗ ಹಳಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಮೀಟರ್ ಗೇಜ್ ಹಾಗೇ ಉಳಿದು, ಉಳಿದ ಜಾಲದಿಂದ ಕತ್ತರಿಸಿಹೋಯಿತು. ದೊಡ್ಡ ರೈಲು ಓಡಿಸುವಷ್ಟು ಜನ ಇಲ್ಲ, ನಿಲ್ಲಿಸಿದರೆ ಇದ್ದವರಿಗೆ ಗತಿ ಇಲ್ಲ. ಆಗ ಆ ಹಳಿಯ ಮೇಲೆ ರೈಲ್ ಬಸ್ ಬಂತು. ನೋಡಲು ಬಸ್ಸಿನ ಮೈ, ಕೆಳಗೆ ರೈಲಿನ ಗಾಲಿ, ಒಳಗೆ ಡೀಸೆಲ್ ಎಂಜಿನ್, ಒಂಟಿ ಗಾಡಿ. ಕುಂಸಿ, ಅರಸಾಳು, ಆನಂದಪುರ, ಸಾಗರ ಅಂತ ಕಾಡಿನ ನಡುವೆ ಅಲ್ಲಾಡಿಕೊಂಡು ಹೋಗುತ್ತಿತ್ತು. ಬಂಗಾರಪೇಟೆ–ಕೋಲಾರದ ನಡುವೆಯೂ ಇಂಥದ್ದೊಂದು ಓಡುತ್ತಿತ್ತು. ಶಿವಮೊಗ್ಗಕ್ಕೆ ಏನಾದರೂ ನೆಪ ಮಾಡಿಕೊಂಡು ಹೋಗಿ ನಾನು ಅದನ್ನು ಹತ್ತುತ್ತಿದ್ದೆ. ಡ್ರೈವರಿನ ಬೆನ್ನ ಹಿಂದೆ ನಿಂತರೆ ಮುಂದಿನ ಗಾಜಿನಲ್ಲಿ ಹಳಿ ಕಾಣುತ್ತಿತ್ತು. ದೊಡ್ಡ ರೈಲಿನಲ್ಲಿ ಯಾವ ಪ್ರಯಾಣಿಕನಿಗೂ ಆ ಭಾಗ್ಯ ಇಲ್ಲ. ಬಗ್ಗಿದ ಬಿದಿರು ಮೆಳೆಗಳು ಗಾಜಿಗೆ ಸವರಿ ಹೋಗುತ್ತಿದ್ದವು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಆಯಿತು. ಈಗ ಉದ್ದನೆಯ ರೈಲುಗಳು ಓಡುತ್ತವೆ, ಜನಕ್ಕೆ ಅದೇ ಒಳ್ಳೆಯದು. ನನಗೆ ಮಾತ್ರ ಆ ಒಂಟಿ ಗಾಡಿ ಈಗಲೂ ಕಣ್ಣಲ್ಲಿದೆ.

ಇದೇ ಗಾಡಿಯನ್ನು ಐರ್ಲೆಂಡಿನವರು ನಮಗಿಂತ ಬಹಳ ಮೊದಲೇ ಓಡಿಸಿದ್ದರು. ವಾಯವ್ಯ ಮೂಲೆಯ ಡೊನೆಗಾಲ್ ಅನ್ನುವ ಬಡ, ಗುಡ್ಡಗಾಡು ಜಿಲ್ಲೆ. ಅಲ್ಲಿನ ರೈಲು ಹಳಿಯ ಅಗಲ ಮೂರೇ ಅಡಿ, ನಮ್ಮ ಮೀಟರ್ ಗೇಜಿಗಿಂತ ಕಿರಿದು. ಹಬೆ ರೈಲಿಗೆ ಖರ್ಚು ಹೆಚ್ಚು, ಜನ ಕಡಿಮೆ. ಅವರ ಹತ್ತಿರ ಹಳಿ ತನಿಖೆಗೆ ಅಂತ 1907ರ ಸುಮಾರಿನಲ್ಲಿ ತಂದ ಒಂದು ಪುಟ್ಟ ಪೆಟ್ರೋಲ್ ಗಾಡಿ ಇತ್ತು. 1926ರ ಕಲ್ಲಿದ್ದಲು ಮುಷ್ಕರದಲ್ಲಿ ಅದರಲ್ಲೇ ಟಪಾಲು, ಜನ ಸಾಗಿಸಿದರು. ಇದು ನಡೆಯುತ್ತದಲ್ಲ ಅಂತ ಧೈರ್ಯ ಬಂತು. 1931ರಲ್ಲಿ ಡೀಸೆಲ್ ಎಂಜಿನ್ನಿನ ರೈಲ್ ಕಾರ್ ಇಳಿಸಿಯೇಬಿಟ್ಟರು. ಬ್ರಿಟನ್ನಿನ ದೊಡ್ಡ ದೊಡ್ಡ ಕಂಪನಿಗಳು ಇನ್ನೂ ಯೋಚನೆ ಮಾಡುತ್ತಿದ್ದಾಗ ಈ ಸಣ್ಣ ಕಂಪನಿ ಮಾಡಿ ತೋರಿಸಿತು. ಅದರ ಮೈ ಕಟ್ಟಿದವರು ಸ್ಟ್ರಬೇನ್ ಅನ್ನುವ ಪಕ್ಕದ ಪಟ್ಟಣದ ಬಸ್ಸು ಕಟ್ಟುವವರು. ನೋಡಿ, ಅಲ್ಲೂ ಹೊರಗಿನ ಎಂಜಿನ್, ಊರ ಬಡಗಿಯ ಮೈ. ಸ್ಟೇಷನ್ ಇಲ್ಲದ ಕಡೆ, ರಸ್ತೆ ದಾಟುವ ಗೇಟಿನ ಹತ್ತಿರ ಕೈ ತೋರಿಸಿದರೂ ನಿಲ್ಲುತ್ತಿತ್ತು. 1959ರ ಡಿಸೆಂಬರ್ 31ರಂದು ಆ ರೈಲು ನಿಂತು, ಅದೇ ಕಂಪನಿ ಬಸ್ಸು, ಲಾರಿ ಓಡಿಸತೊಡಗಿತು. ಆದರೆ ಆ ಮೊದಲ ಪುಟ್ಟ ಗಾಡಿಯನ್ನು ಅವರು ಗುಜರಿಗೆ ಹಾಕಲಿಲ್ಲ. ಬೆಲ್‌ಫಾಸ್ಟ್ ಬಳಿಯ ಮ್ಯೂಸಿಯಂನಲ್ಲಿ ಅದು ಇವತ್ತಿಗೂ ಇದೆ. ನಮ್ಮಲ್ಲೂ ಅದರ ತಮ್ಮನಂಥದ್ದು ಒಂದಿದೆ. ಮೈಸೂರಿನ ರೈಲು ಮ್ಯೂಸಿಯಂಗೆ ಹೋದರೆ ಹಳಿಯ ಮೇಲೆ ಓಡುವಂತೆ ಗಾಲಿ ಬದಲಿಸಿದ ಹಳೆಯ ಆಸ್ಟಿನ್ ಕಾರು ನೋಡಬಹುದು. ಹೋದವರು ಮಹಾರಾಣಿಯವರ ಡಬ್ಬಿ ನೋಡಿ ಬಂದುಬಿಡುತ್ತಾರೆ. ಈ ಕಾರಿನ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.

ಈಗ ಮಾದರಿಗಳ ವಿಷಯ. ಡಬ್ಲಿನ್ನಿನ ಇಂಚಿಕೋರ್ ರೈಲ್ವೆ ಕಾರ್ಖಾನೆಯಲ್ಲಿ ಸಿರಿಲ್ ಫ್ರೈ ಅಂತ ಒಬ್ಬರು ಎಂಜಿನಿಯರ್ ಇದ್ದರು. ಹಗಲು ದೊಡ್ಡ ರೈಲಿನ ಕೆಲಸ, ಸಂಜೆ ಮನೆಯ ಅಟ್ಟದಲ್ಲಿ ಸಣ್ಣ ರೈಲಿನ ಕೆಲಸ. ಕಾರ್ಖಾನೆಯ ಅಸಲು ನಕ್ಷೆಗಳನ್ನು ಬಲ್ಲವರಾದ್ದರಿಂದ ಅವರ ಮಾದರಿಗಳಲ್ಲಿ ಅಂದಾಜಿನ ಮಾತೇ ಇಲ್ಲ. ದಶಕಗಳ ಕಾಲ ಕೂತು ಐರ್ಲೆಂಡಿನ ಎಂಜಿನ್ನು, ಡಬ್ಬಿ, ಟ್ರಾಮ್ ಎಲ್ಲವನ್ನೂ ಅಳತೆಗೆ ಸರಿಯಾಗಿ ಮಾಡಿದರು. ಅವರು ಮಾಡುತ್ತಿದ್ದಂತೆಯೇ ಅಸಲು ಗಾಡಿಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿದ್ದವು. 1972ರಲ್ಲಿ ಫ್ರೈ ತೀರಿಕೊಂಡರು. ಅವರ ಸಂಗ್ರಹ ಮನೆಯವರಿಗೆ ಭಾರವಾಗಿ ಚದುರಿಹೋಗಲಿಲ್ಲ. 1988ರಲ್ಲಿ ಮಲಹೈಡ್ ಕೋಟೆಯಲ್ಲಿ ಜನ ನೋಡಲು ಇಟ್ಟರು. ಈಗ ಅದೇ ಊರಿನಲ್ಲಿ ಅದಕ್ಕೆಂದೇ ಒಂದು ಮನೆ ದುರಸ್ತಿ ಮಾಡಿ 2020ರಿಂದ ತೆರೆದಿದ್ದಾರೆ. ಹೋಗಿಬಿಟ್ಟ ಎಷ್ಟೋ ಗಾಡಿಗಳ ರೂಪ ಇವತ್ತು ಅಲ್ಲಿ ಕೈಗೆ ಸಿಗುವ ಹಾಗಿದೆ. ಒಬ್ಬ ಮನುಷ್ಯ ಅಳತೆಪಟ್ಟಿ ಹಿಡಿದು ಅಟ್ಟದಲ್ಲಿ ಕೂತಿದ್ದಕ್ಕೆ.

ನಮ್ಮ ಮಕ್ಕಳಿಗೆ ಈ ವಿದ್ಯೆ ಹೊಸದೇನಲ್ಲ. ಜಗಳೂರಿನ ಕಡೆ ಜೋಳದ ದಂಟು ಸುಲಿದು, ಬಿಳಿ ಬೆಂಡಿಗೆ ಸಿಪ್ಪೆಯ ಸೀಳು ಚುಚ್ಚಿ ಬಂಡಿ ಮಾಡುವುದನ್ನು ನೋಡಿದ್ದೀರಿ. ಅಚ್ಚು, ಮೂಕಿ, ನೊಗ, ಗಾಲಿ ಎಲ್ಲವೂ ದಂಟಿನಲ್ಲೇ, ಒಂದು ಹನಿ ಅಂಟಿಲ್ಲದೆ. ಚನ್ನಗಿರಿಯ ತೋಟಗಳಲ್ಲಿ ಅಡಿಕೆ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ ಎಳೆಯುವ ಹುಡುಗ ಬಾಯಲ್ಲೇ ಗೇರು ಬದಲಿಸುತ್ತಾನೆ, ತಿರುವಿನಲ್ಲಿ ಹಾರನ್ ಹೊಡೆಯುತ್ತಾನೆ. ಅಳತೆ ಒಂದು ಸೇರಿಕೊಂಡರೆ ಅದೇ ಮಾಡೆಲ್ ಕಟ್ಟುವವರ ಕಲೆ.

ನಾನು ಬಳಸುವ ಅಳತೆ ಬ್ರಿಟನ್ನಿನವರೂ ಐರಿಷರೂ ಬಳಸುವುದೇ. ಅಸಲಿನ ಒಂದು ಅಡಿಗೆ ಮಾದರಿಯಲ್ಲಿ ನಾಲ್ಕು ಮಿಲಿಮೀಟರ್. ಇಪ್ಪತ್ತಾರು ಅಡಿಯ ಬಸ್ಸು ನೂರಾನಾಲ್ಕು ಮಿಲಿಮೀಟರ್ ಆಗುತ್ತದೆ, ಅಂಗೈ ಮೇಲೆ ನಿಲ್ಲುತ್ತದೆ. ಇದರಲ್ಲಿ ಐರಿಷ್ ಹವ್ಯಾಸಿಗಳಿಗೆ ಒಂದು ತಾಪತ್ರಯ ಇದೆ. ಅಂಗಡಿಯಲ್ಲಿ ಸಿಗುವ ಹಳಿಯ ಅಗಲ ಹದಿನಾರೂವರೆ ಮಿಲಿಮೀಟರ್. ಅವರ ದೇಶದ ಅಸಲು ಹಳಿ ಐದು ಅಡಿ ಮೂರು ಅಂಗುಲ, ಅಂದರೆ ಮಾದರಿಯಲ್ಲಿ ಇಪ್ಪತ್ತೊಂದು ಬೇಕು. ಹೆಚ್ಚಿನವರು ರಾಜಿ ಮಾಡಿಕೊಳ್ಳುತ್ತಾರೆ. ಹಟವಾದಿಗಳು ಹಳಿಯನ್ನೂ ಗಾಲಿಯ ಅಚ್ಚನ್ನೂ ತಾವೇ ಮಾಡಿಕೊಳ್ಳುತ್ತಾರೆ. ನನ್ನ ಗೌರವ ಆ ಹಟವಾದಿಗಳಿಗೆ. ನಮ್ಮ ಮೀಟರ್ ಗೇಜಿಗೆ ಈ ಲೆಕ್ಕದಲ್ಲಿ ಹದಿಮೂರು ಮಿಲಿಮೀಟರ್ ಚಿಲ್ಲರೆ ಆಗುತ್ತದೆ. ಅದನ್ನೂ ಕೈಯಲ್ಲೇ ಮಾಡಬೇಕು.

ಬಸ್ಸಿಗೆ ಅಂಥ ಕಷ್ಟ ಇಲ್ಲ. ಮದುವೆ ಕರೆಯೋಲೆಯ ದಪ್ಪ ಕಾಗದ ತಗಡಿನ ಮೈ ಆಗುತ್ತದೆ. ಅದರ ಎರಡು ಪದರದ ನಡುವೆ ತೆಳ್ಳನೆಯ ಬಿದಿರ ಕಡ್ಡಿ ಇಟ್ಟರೆ ಚೌಕಟ್ಟು ನಿಲ್ಲುತ್ತದೆ. ಹೊಸ ಅಂಗಿಯ ಕಾಲರಿನೊಳಗೆ ಬರುವ ಪ್ಲಾಸ್ಟಿಕ್ಕು ಮುಂದಿನ ಗಾಜು. ಹಿಂದಿನ ಏಣಿಗೆ ಸ್ಟೇಪ್ಲರ್ ಪಿನ್ನು, ಒಂದೊಂದೇ ಮೆಟ್ಟಿಲು ಅಂಟಿಸಬೇಕು, ಕೈ ನಡುಗಬಾರದು. ಟಾಪಿನ ಮೇಲೆ ಹೇರಲು ರಾಗಿ ತುಂಬಿದ ಬಟ್ಟೆಯ ಪುಟ್ಟ ಮೂಟೆಗಳು. ಅವನ್ನೂ ಎರಡೂ ಮಗ್ಗುಲಿಗೆ ಸಮನಾಗಿಯೇ ಇಡುತ್ತೇನೆ.

ರೈಲಿಗೆ ನಮ್ಮ ರಾಜ್ಯದಲ್ಲಿ ಮನೆಗಳಿವೆ. ಮೈಸೂರಿನ ಮ್ಯೂಸಿಯಂ 1979ರಿಂದ ಇದೆ, ಹುಬ್ಬಳ್ಳಿಯದು 2020ರಲ್ಲಿ ಆಯಿತು. ಅದೇ ವರ್ಷ ಅರಸಾಳಿನ ಹಳೆಯ ಸ್ಟೇಷನ್ ಮಾಲ್ಗುಡಿ ಮ್ಯೂಸಿಯಂ ಆಯಿತು. ಶಂಕರ್‌ನಾಗ್ ಮಾಲ್ಗುಡಿಯ ಧಾರಾವಾಹಿ ತೆಗೆದ ಸ್ಟೇಷನ್ ಅದು. ಅದಕ್ಕೆ ಮತ್ತೆ ರೂಪ ಕೊಟ್ಟವರೂ ಆ ಧಾರಾವಾಹಿಯ ಕಲಾ ನಿರ್ದೇಶಕ ಜಾನ್ ದೇವರಾಜ್ ಅವರೇ. ಬಸ್ಸಿಗೆ ಅಂಥ ಒಂದು ಮನೆ ನಮ್ಮ ಜಿಲ್ಲೆಯಲ್ಲಿ ಇಲ್ಲ. ರೈಲೇ ಇಲ್ಲದ ನಾಲ್ಕು ತಾಲ್ಲೂಕುಗಳನ್ನು ಹೊತ್ತು ಓಡಾಡಿದ ಮೂತಿ ಬಸ್ಸುಗಳು ಗುಜರಿಯಲ್ಲಿ ಕರಗಿ ಯಾವ ಊರಿನ ಕಂಬಿಯಾದವೋ. ನನ್ನ ಕೈಲಾದದ್ದು ಅವುಗಳ ಮಾದರಿ ಕಟ್ಟುವುದು. ಈಗ ಕಟ್ಟುತ್ತಿರುವುದು ದೊಡ್ಡಮಾವನ ಇದ್ದಿಲು ಬಸ್ಸು. ಮೂತಿ ಆಯಿತು, ಕಿಟಕಿ ಆಯಿತು, ಕ್ಯಾನ್ವಾಸು ಪರದೆಗೆ ಹಳೆಯ ಛತ್ರಿಯ ಬಟ್ಟೆ ಸಿಕ್ಕಿದೆ. ನಿಂತಿರುವುದು ಗ್ಯಾಸ್ ಪ್ಲಾಂಟಿನ ಹತ್ತಿರ. ಅದರ ಎತ್ತರ, ಪೈಪು ಟಾಪಿನ ಮೇಲೆ ಹೋಗುತ್ತಿತ್ತೋ ಕೆಳಗೆ ಹೋಗುತ್ತಿತ್ತೋ, ಏಣಿ ಯಾವ ಕಡೆಗಿತ್ತು, ಇವೆಲ್ಲ ಸರಿಯಾಗಿ ತಿಳಿಯಬೇಕು. ಹಳೆಯ ಬಸ್ಸುಗಳ ಫೋಟೋ ಕೇಳಿದರೆ ಜನ ಪ್ರೀತಿಯಿಂದ ತೋರಿಸುತ್ತಾರೆ. ಎಲ್ಲವೂ ಆಯುಧಪೂಜೆಯ ದಿನದವು. ಮೂತಿಗೆ ಹಾರ, ಪಕ್ಕದಲ್ಲಿ ಬಾಳೆಕಂದು, ಮುಂದೆ ಮಾಲೀಕರು, ಡ್ರೈವರು. ಹಿಂಭಾಗದ ಫೋಟೋ ಯಾರೂ ತೆಗೆಸುತ್ತಿರಲಿಲ್ಲ, ಕ್ಲೀನರ್ ನಿಲ್ಲುವ ಜಾಗ ಅದು.

ಕೇಳುಗರಲ್ಲಿ ಯಾರ ಮನೆಯ ಟ್ರಂಕಿನಲ್ಲಾದರೂ ಯುದ್ಧಕಾಲದ ಬಸ್ಸನ್ನು ಹಿಂದಿನಿಂದಲೋ ಪಕ್ಕದಿಂದಲೋ ತೆಗೆದ ಫೋಟೋ ಇದ್ದರೆ, ಡ್ರಮ್ಮು ಅರ್ಧ ಕಂಡರೂ ಸಾಕು, ಭದ್ರಾವತಿ ಆಕಾಶವಾಣಿಗೆ ಒಂದು ಕಾರ್ಡು ಬರೆದು ತಿಳಿಸಿ. ಫೋಟೋ ನಿಮ್ಮ ಹತ್ತಿರವೇ ಇರಲಿ. ನಾನೇ ಅಳತೆಪಟ್ಟಿ ಹಿಡಿದು ಮೊದಲ ಬಸ್ಸಿಗೆ ಬರುತ್ತೇನೆ.